ಪರದೆಯ ಮುಂದಿನ ಕುರ್ಚಿ

ಕಾಪರ್ ಬೆಂಡ್ ಊರಿನ ಕ್ಲಿನಿಕ್ಕಿಗೆ ಪಾಠ ಹೇಳುವ ಡಾಕ್ಟರು ಬೇಕಾಗಿದ್ದಾರೆ ಅಂತ ಜಾಹೀರಾತು ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ವಿಚಾರಿಸಿದವರು ಮೂವರು. ಒಬ್ಬ ಫೋನಿನಲ್ಲೇ ಸಂಬಳ ಎಷ್ಟೆಂದು ಕೇಳಿ ನಕ್ಕುಬಿಟ್ಟ. ಇನ್ನೊಬ್ಬಾಕೆ ಫೆಬ್ರವರಿಯಲ್ಲಿ ಬಂದು, ಹೋಟೆಲಿನ ಕಿಟಕಿಯ ಅರ್ಧದವರೆಗೆ ಹಿಮ ನಿಂತದ್ದು ನೋಡಿ, ಬೆಳಗಿನ ತಿಂಡಿಯನ್ನೂ ತಿನ್ನದೆ ವಾಪಸು ಹೋದಳು. ಮೂರನೆಯವನು ಎಲ್ಲ ಒಪ್ಪಿ, ಬಾಡಿಗೆ ಮನೆಯನ್ನೂ ನೋಡಿ, ಕಡೆಗೆ ಹೆಂಡತಿಗೆ ಮನಸ್ಸಿಲ್ಲವೆಂದು ಎರಡು ಸಾಲು ಬರೆದು ಕೈತೊಳೆದುಕೊಂಡ. ಆ ಹೆಂಡತಿ ಯಾವ ಮಹರಾಯ್ತಿಯೋ, ಲೋರ್ನಾ ಕೊಸ್ಕಿ ಅವಳನ್ನು ಮನಸ್ಸಿನಲ್ಲೇ ಬೈಯದ ದಿನವಿರಲಿಲ್ಲ.

ಲೋರ್ನಾಗೆ ಐವತ್ತೊಂಬತ್ತು. ಇದೇ ಊರಲ್ಲಿ ಹುಟ್ಟಿ, ಇದೇ ಊರಿಗೆ ಮೂವತ್ತು ವರ್ಷ ಫ್ಯಾಮಿಲಿ ಡಾಕ್ಟರಾಗಿ, ಈಗ ಹನ್ನೊಂದು ವರ್ಷದಿಂದ ಆ ಕ್ಲಿನಿಕ್ಕಿನ ತರಬೇತಿಯ ಮುಖ್ಯಸ್ಥೆ. ಕಾಲೇಜು ಮುಗಿಸಿದ ಎಳೆಯ ಡಾಕ್ಟರುಗಳು ಇಲ್ಲಿ ಮೂರು ವರ್ಷ ಇದ್ದು ಪಳಗಿ ಹೋಗುತ್ತಾರೆ. ಒಂದು ಕಾಲಕ್ಕೆ ಎಂಟು ಜನ ಕಲಿಯುವವರಿಗೆ ಐದು ಜನ ಕಲಿಸುವವರಿದ್ದರು. ಒಬ್ಬ ಬಿಸಿಲು ಹುಡುಕಿಕೊಂಡು ಅರಿಜೋನಾಕ್ಕೆ ಹೋದ, ಒಬ್ಬಳು ವಿಮೆ ಕಂಪನಿ ಸೇರಿದಳು, ಒಬ್ಬ ತೀರಿಕೊಂಡ. ಉಳಿದವರು ಲೋರ್ನಾ ಮತ್ತು ಎಪ್ಪತ್ತು ದಾಟಿದ ಡಾಕ್ಟರ್ ಹೋಲ್ಮ್. ಹೋಲ್ಮ್ ವಾರಕ್ಕೆ ಎರಡು ದಿನ ಬರುತ್ತಿದ್ದ. ಬಂದ ದಿನ ಕಿವಿಯ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ 'ಬಹಳ ಚೆನ್ನಾಗಿದೆ' ಎನ್ನುತ್ತಿದ್ದ.

ಕಲಿಸುವುದೆಂದರೆ ಮುಖ್ಯವಾಗಿ ನೋಡುವುದು. ಎಳೆಯ ಡಾಕ್ಟರು ರೋಗಿಯೊಡನೆ ಹೇಗೆ ಮಾತಾಡುತ್ತಾನೆ, ಹೇಗೆ ಮುಟ್ಟುತ್ತಾನೆ, ಎಲ್ಲಿ ಅವಸರ ಮಾಡುತ್ತಾನೆ ಅನ್ನುವುದನ್ನು ಒಬ್ಬ ದೊಡ್ಡ ಡಾಕ್ಟರು ಮೊದಲಿಂದ ಕಡೆಯವರೆಗೆ ನೋಡಬೇಕು. ಒಬ್ಬೊಬ್ಬರನ್ನೂ ವರ್ಷಕ್ಕೆ ಹತ್ತು ಸಲ. ನೋಡಿದ ಮೇಲೆ ಹಳದಿ ಹಾಳೆಯೊಂದರಲ್ಲಿ ಕಂಡದ್ದನ್ನು ಬರೆದು ಸಹಿ ಹಾಕಬೇಕು. ಇದಕ್ಕೆಂದೇ ಪ್ರತಿ ಕೋಣೆಯ ಮೂಲೆಯಲ್ಲಿ ಒಂದು ಚಿಕ್ಕ ಕ್ಯಾಮೆರಾ, ಅದರ ಪಕ್ಕ ಒಂದು ಹಸಿರು ದೀಪ. ಎಳೆಯ ಡಾಕ್ಟರು ಗುಂಡಿ ಒತ್ತಿದರೆ ಕ್ಯಾಮೆರಾ ಶುರುವಾಗಿ ದೀಪ ಹತ್ತುತ್ತದೆ. ಕಾರಿಡಾರಿನ ಕೊನೆಯ ಚಿಕ್ಕ ಕೋಣೆಯಲ್ಲಿ ಅದೆಲ್ಲ ಕಂಡು ಕೇಳಿಸುವ ಪರದೆ, ಪರದೆಯ ಮುಂದೆ ಒಂದು ಕುರ್ಚಿ. ರೋಗಿಗಳ ಮರ್ಯಾದೆಯ ಮಾತಾದ್ದರಿಂದ ಏನನ್ನೂ ರೆಕಾರ್ಡ್ ಮಾಡುವಂತಿಲ್ಲ. ಕೂತು ನೋಡಿದರೆ ನೋಡಿದ ಹಾಗೆ, ಇಲ್ಲದಿದ್ದರೆ ಇಲ್ಲ. ಕುರ್ಚಿಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ದೀಪಕ್ಕೆ ಗೊತ್ತಾಗುವುದಿಲ್ಲ. ಈ ಎರಡು ವರ್ಷದಲ್ಲಿ ಬಹುಪಾಲು ಹೊತ್ತು ಯಾರೂ ಇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಇನ್‌ಸ್ಪೆಕ್ಷನ್ನಿಗೆ ಬರುತ್ತೇವೆಂದು ಕಾಗದ ಬಂತು. ಎರಡು ವಿಷಯ ಅವರು ಕೇಳುವವರಿದ್ದರು: ಮೂರನೆಯ ಮೇಷ್ಟ್ರು ಯಾರು, ಹಳದಿ ಹಾಳೆಗಳು ಎಲ್ಲಿ. ಎರಡೂ ಇಲ್ಲದಿದ್ದರೆ ತರಬೇತಿಗೆ ಬೀಗ. ತರಬೇತಿ ನಿಂತರೆ ಎಂಟು ಡಾಕ್ಟರುಗಳೂ ಹೋದಂತೆ, ಆಮೇಲೆ ಕಾಪರ್ ಬೆಂಡಿನವರು ಜ್ವರ ಬಂದರೂ ಎಪ್ಪತ್ತು ಮೈಲಿ ಹೋಗಬೇಕು. ಲೋರ್ನಾ ಎಣಿಸಿ ನೋಡಿದಳು. ನಲವತ್ತಮೂರು ಹಾಳೆ ಕಡಿಮೆ ಇತ್ತು.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ, ಹಿತ್ತಲಿನ ಸೌನಾ, ಅಂದರೆ ಬೆವರುವ ಉಗಿಸ್ನಾನದ ಕೋಣೆ, ಕಾಯುವಷ್ಟರಲ್ಲಿ, ಅಡುಗೆಮನೆಯ ಮೇಜಿನ ಮೇಲೆ ನಲವತ್ತಮೂರನ್ನೂ ಬರೆದು ಮುಗಿಸಿದಳು. ಒಂದನ್ನೂ ನೋಡಿರಲಿಲ್ಲ. ಅಪಾಯಿಂಟ್‌ಮೆಂಟ್ ಪಟ್ಟಿ ಇಟ್ಟುಕೊಂಡು ತಾರೀಕು ಹಾಕಿದಳು, ರೋಗಿಯ ಹೆಸರು ಹಾಕಿದಳು, ಆರೇಳು ವಾಕ್ಯಗಳನ್ನು ಹಿಂದೆ ಮುಂದೆ ಮಾಡಿ ಹಂಚಿದಳು. ಎಮೆಟ್ ಅನ್ನುವ ಮೂರನೆ ವರ್ಷದ ಹುಡುಗನ ಹಾಳೆ ಬಂದಾಗ ಆ ವಾಕ್ಯಗಳೂ ಬರಿದಾಗಿದ್ದವು. ನಾಲ್ಕು ವರ್ಷದ ಹಿಂದೆ ಬೇರೆ ಯಾರನ್ನೋ ನಿಜವಾಗಿ ಕೂತು ನೋಡಿ ಬರೆದಿದ್ದ ಒಂದು ಮಾತು ನೆನಪಾಯಿತು. ಅದನ್ನೇ ಇವನಿಗೆ ಬರೆದಳು. ಅಷ್ಟರಲ್ಲಿ ಗಂಡ ರಾಯ್ ಹಿತ್ತಲಿಂದ 'ಕಾದಿದೆ, ಬಾ' ಅಂತ ಕೂಗಿದ. ಸೌನಾದ ಬಿಸಿಯಲ್ಲಿ ಕೂತು ಲೋರ್ನಾ ಬೆವರಿದಳು, ಕಾದ ಕಲ್ಲಿನ ಮೇಲೆ ಇನ್ನೆರಡು ಸೌಟು ನೀರು ಹೆಚ್ಚಿಗೇ ಹಾಕಿದಳು. ಮೈ ಹಗುರಾಯಿತು, ಮನಸ್ಸು ಆಗಲಿಲ್ಲ.

ಇನ್ನು ಮೇಷ್ಟ್ರ ವಿಷಯ. ಆ ಊರಿನವರು, ಅಜ್ಜಂದಿರು ಫಿನ್ಲೆಂಡಿನಿಂದ ತಾಮ್ರದ ಗಣಿಗೆ ಬಂದ ಕಾಲದಿಂದಲೂ, ಏನನ್ನೇ ಆಗಲಿ ಒಂದು ಸಲ ಕೇಳುತ್ತಾರೆ. ಒಂದು ಸಲ ಕೇಳಿದರೆ ಮರ್ಯಾದೆ, ಎರಡನೆ ಸಲ ಕೇಳಿದರೆ ಭಿಕ್ಷೆ. ಲೋರ್ನಾ ಮಾನ ಬಿಟ್ಟು ಎಮೆಟ್‌ನನ್ನು ಮೂರು ಸಲ ಕೇಳಿದ್ದಳು: 'ಮುಗಿದ ಮೇಲೆ ಇಲ್ಲೇ ಉಳಿ, ನಮ್ಮ ಜೊತೆ ಕಲಿಸು.' ಮೂರು ಸಲವೂ ಅವನು ಆಗಲ್ಲ ಎಂದಿದ್ದ. ಅವನು ದಕ್ಷಿಣದವನು, ನಕ್ಷೆಯಲ್ಲಿ ದೊಡ್ಡ ಸೇತುವೆಯ ಕೆಳಗೆ ಕಾಣುವ ಸೀಮೆಯವನು. ಎತ್ತರದ ಆಳು, ಮಾತು ಕಡಿಮೆ. ಮೂರು ವರ್ಷವಾದರೂ ಊರವರು ಅವನನ್ನು 'ಸೇತುವೆ ಕೆಳಗಿನವನು' ಅಂತಲೇ ರೇಗಿಸುತ್ತಿದ್ದರು.

ಏಪ್ರಿಲ್ ಮೊದಲ ಗುರುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಚರ್ಚಿನ ಹೆಂಗಸರು ಮಾಡಿ ಕಳಿಸಿದ, ಮಾಂಸ ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ. ಎಮೆಟ್ ತನ್ನದರ ಮೇಲೆ ಗ್ರೇವಿ ಸುರಿದುಕೊಂಡ. ಕೌಂಟರಿನ ಬೆವ್ ಹಣೆ ಚಚ್ಚಿಕೊಂಡಳು.

"ಅಯ್ಯೋ, ಕೆಚಪ್ ಇಟ್ಟಿದೀನಲ್ಲಪ್ಪಾ ಕಣ್ಣೆದುರಿಗೆ! ಪಾಸ್ಟಿಗೆ ಗ್ರೇವಿ ಹಾಕೋನು ಈ ಊರಲ್ಲಿ ಬಾಳ್ವೆ ಮಾಡ್ತಾನಾ?"

"ಮಾಡ್ತಾನೆ" ಅಂದ ಎಮೆಟ್. "ನಾನು ಉಳ್ಕೋತಿದೀನಿ."

ತಮಾಷೆಯೆಂದು ಎಲ್ಲರೂ ನಕ್ಕರು. ಅವನು ನಗಲಿಲ್ಲ. ಎದ್ದು ನಿಂತ. ಜೇಬಿನಿಂದ ನಾಲ್ಕು ಮಡಿಕೆಯ ಹಳದಿ ಹಾಳೆಯೊಂದನ್ನು ತೆಗೆದ. ಲೋರ್ನಾ ಕೈಯಲ್ಲಿದ್ದ ಪಾಸ್ಟಿಯನ್ನು ತಟ್ಟೆಗೆ ಇಟ್ಟಳು.

"ಡಾಕ್ಟರ್ ಕೊಸ್ಕಿ ಮೂರು ಸಲ ಕೇಳಿದ್ರು. ನನಗೆ ಯಾರಿಗೂ ಕಲಿಸೋ ಯೋಗ್ಯತೆ ಇಲ್ಲ ಅನ್ಕೊಂಡು ಆಗಲ್ಲ ಅಂದಿದ್ದೆ. ಜನವರಿ ಹದಿನಾಲ್ಕಕ್ಕೆ ಮಿಸೆಸ್ ಮಾಕಿ ಬಂದಿದ್ರು, ಬೀಪಿ ತೋರ್ಸೋಕೆ. ಅವತ್ತು ನಂಗೆ ಏನ್ ಮಾತಾಡ್ಬೇಕು ಅಂತಾನೇ ತೋಚಲಿಲ್ಲ. ಸುಮ್ನೆ ಮರದ ಗೊಂಬೆ ಹಾಗೆ ಕೂತಿದ್ದೆ. ಅವರು ನನ್ನನ್ನ ಬಿಟ್ಟು ಕ್ಯಾಮೆರಾ ಕಡೆ ತಿರುಗಿ ಡಾಕ್ಟರ್ ಕೊಸ್ಕಿ ಹತ್ರಾನೇ ಮಾತಾಡಿದ್ರು. ಈ ಕೆಲ್ಸ ನಂದಲ್ಲ ಅನ್ನಿಸಿಬಿಟ್ಟಿತ್ತು ಅವತ್ತು. ಆಮೇಲೆ ಈ ಹಾಳೆ ಕೈಗೆ ಬಂತು." ಅವನು ಓದಿದ: "'ಮೌನವನ್ನು ಮಾತಿನಿಂದ ತುಂಬುವ ಅವಸರ ಇವನಿಗಿಲ್ಲ. ಅದರಿಂದಲೇ ರೋಗಿಗೆ ತಾನು ಹೇಳಲು ಬಂದದ್ದನ್ನು ಹೇಳಲು ಸಾಧ್ಯವಾಯಿತು.'"

ಹಾಳೆಯನ್ನು ಮತ್ತೆ ಜೋಪಾನವಾಗಿ ಮಡಿಸಿದ.

"ನನ್ನಲ್ಲಿ ನಂಗೇ ಕಾಣ್ದೆ ಇದ್ದದ್ದನ್ನ ಅವರು ಕೂತು ನೋಡಿದ್ರು. ಹಾಗೆ ನೋಡೋರು ಒಬ್ಬರಿದ್ರೆ ಮನುಷ್ಯ ಡಾಕ್ಟ್ರಾಗ್ತಾನೆ. ನಂಗೂ ಆ ಕುರ್ಚೀಲಿ ಕೂರ್ಬೇಕು ಅನ್ನಿಸ್ತು. ಅಷ್ಟೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿವಿ ಕೇಳದ ಹೋಲ್ಮ್ ಕೂಡ ತಟ್ಟಿ 'ಬಹಳ ಚೆನ್ನಾಗಿದೆ' ಅಂದ. ಬೆವ್ ಕಣ್ಣೊರೆಸಿಕೊಂಡು ಲೋರ್ನಾಳ ಭುಜ ಹಿಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೋರ್ನಾಳ ಹೆಗಲನ್ನು ಊರವರೇ ಮುಟ್ಟಿ ಶಹಬ್ಬಾಸ್ ಅನ್ನುತ್ತಿದ್ದರು. ಅವಳಿಗೆ ಕಿವಿಯವರೆಗೆ ಮುಖ ಸುಟ್ಟಿತು. ನಾಚಿಕೆಯಿಂದ ಅಂತ ಎಲ್ಲರೂ ಅಂದುಕೊಂಡರು, ಅದೇನೋ ನಿಜವೇ.

ಹದಿನಾಲ್ಕು ತಿಂಗಳು ಕಾದ ಮೇಷ್ಟ್ರು ಸಿಕ್ಕಿದ್ದ. ಮಂಗಳವಾರದೊಳಗೆ ಅವನು ಕಾಗದಕ್ಕೆ ಸಹಿ ಹಾಕಿದರೆ ಇನ್‌ಸ್ಪೆಕ್ಷನ್ನಿನ ಪಟ್ಟಿಯಲ್ಲಿ ಅವನ ಹೆಸರಿರುತ್ತದೆ, ತರಬೇತಿ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಒಂದು ಮುಳ್ಳು ಹೊಕ್ಕು ಕೂತಿತ್ತು: ಹಿಲ್ಯಾ ಮಾಕಿ ಕ್ಯಾಮೆರಾ ಕಡೆ ತಿರುಗಿ ಏನು ಹೇಳಿದಳು? ಎಮೆಟ್‌ನನ್ನು ಕೇಳುವಂತಿರಲಿಲ್ಲ. ಕೇಳಿದರೆ ನೋಡಿಲ್ಲವೆಂದು ತಾನೇ ಒಪ್ಪಿಕೊಂಡ ಹಾಗೆ.

ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಆ ದಿನದ ಟಿಪ್ಪಣಿ ತೆಗೆದಳು. ಬೀಪಿ, ತೂಕ, ಮಾತ್ರೆ. ಕೊನೆಯಲ್ಲಿ ಎಮೆಟ್ ಬರೆದಿದ್ದ: 'ರೋಗಿ ತನ್ನ ಗಂಡನನ್ನು ನೋಡಲು ಡಾಕ್ಟರ್ ಕೊಸ್ಕಿ ಮನೆಗೆ ಬರಬೇಕೆಂದು ಕೇಳಿದ್ದಾರೆ. ಡಾಕ್ಟರ್ ಕೊಸ್ಕಿಗೆ ಗೊತ್ತಿದೆ.' ಅದರ ಕೆಳಗೆ 'ಓದಿದ್ದೇನೆ, ಒಪ್ಪಿದ್ದೇನೆ' ಅಂತ ಅವಳದೇ ಸಹಿ. ಆ ಸಂಜೆ ಹತ್ತು ನಿಮಿಷದಲ್ಲಿ ನಲವತ್ತು ಟಿಪ್ಪಣಿಗೆ ಸಹಿ ಒತ್ತಿದ್ದಳು. ಆ ಮಧ್ಯಾಹ್ನ ಎಲ್ಲಿದ್ದೆ ಅಂತ ಹುಡುಕಿದಳು. ಮೂರನೆ ಕೋಣೆಯಲ್ಲಿ, ಜ್ವರಕ್ಕೆ ಫಿಟ್ಸ್ ಬಂದ ಕೂಸಿನ ಹತ್ತಿರ. ಕಾರಣ ಇತ್ತು. ಆದರೆ ಆ ಕಾರಣ ಸಹಿ ಹಾಕುವ ಬೆರಳನ್ನು ತಡೆದಿರಲಿಲ್ಲ, ಹಳದಿ ಹಾಳೆಯನ್ನೂ ಅದು ಬರೆದದ್ದಲ್ಲ.

ಹಿಲ್ಯಾಳ ಗಂಡ ವೈನೋ, ಆಗಲೇ ಹಾಸಿಗೆ ಹಿಡಿದಿದ್ದವನು, ಫೆಬ್ರವರಿ ಎರಡಕ್ಕೆ ತೀರಿಕೊಂಡಿದ್ದ. ಲೋರ್ನಾ ಒಂದು ಕಾರ್ಡು ಕಳಿಸಿದ್ದಳು.

ಶನಿವಾರ ಹಿಲ್ಯಾಳ ಮನೆಗೆ ಹೋದಳು. ಎಂಬತ್ತೊಂದರ ಹಿಲ್ಯಾ, ಲೋರ್ನಾ ಚಿಕ್ಕವಳಿದ್ದಾಗ ಭಾನುವಾರದ ಶಾಲೆಯಲ್ಲಿ ಅವಳಿಗೆ ಬೈಬಲಿನ ಕಥೆ ಹೇಳಿಕೊಟ್ಟವಳು. ಯಾಕೆ ಬಂದೆ ಎನ್ನಲಿಲ್ಲ. ಕಾಫಿಗಿಟ್ಟಳು, ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಕೊಯ್ದಳು.

"ತಿನ್ನು. ಒಣಗಿ ಹೋಗಿದೀಯ."

"ವೈನೋ ಕಡೇ ದಿನಗಳಲ್ಲಿ ಹೇಗಿದ್ರು, ಮಿಸೆಸ್ ಮಾಕಿ?"

ಹಿಲ್ಯಾ ಚಾಕುವನ್ನು ಬ್ರೆಡ್ಡಿನ ಪಕ್ಕಕ್ಕಿಟ್ಟಳು.

"ಹೇಳಿದ್ನಲ್ಲ ಅವತ್ತು. ನೋವಿನ ಔಷಧಿ ಹನಿ ಕೊಟ್ಟಿದ್ರಲ್ಲ ಮನೆಗೆ ಬರೋ ನರ್ಸು, ಮುಟ್ಟಲ್ಲ ಅಂದ್ಬಿಟ್ಟಿದ್ದ. ಅದು ಕುಡಿದ್ರೆ ಬುದ್ಧಿ ಹೋಗುತ್ತೆ, ಗಣೀಲಿ ಅಷ್ಟು ಜನ ಹಾಗೇ ಹಾಳಾದ್ರು ಅಂತ. ಲೋರ್ನಾ ಬಂದು ಕುಡಿ ಅಂದ್ರೆ ಕುಡೀತೀನಿ, ಇನ್ಯಾರ ಮಾತೂ ಕೇಳಲ್ಲ ಅಂತ ಹಟ. ಇಪ್ಪತ್ತೆರಡು ವರ್ಷದಿಂದ ನೀನೇ ಅಲ್ವ ಅವನಿಗೆ ಡಾಕ್ಟ್ರು. ಅದಕ್ಕೇ ಆ ಹಸಿರು ದೀಪದ ಕಡೆ ತಿರುಗಿ ಕೇಳ್ದೆ. ಲೋರ್ನಾ, ಒಂದ್ ಸಲ ಬಾ, ಒಂದ್ ಮಾತು ಹೇಳಿ ಹೋಗು ಅಂತ. ಕೈ ಕೂಡ ಬೀಸ್ದೆ ನಿಂಗೆ."

"ಆಮೇಲೆ... ಫೋನ್ ಮಾಡ್ಬಹುದಿತ್ತಲ್ಲ" ಅಂದಳು ಲೋರ್ನಾ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ಕೇಳಾಗಿತ್ತಲ್ಲ" ಅಂದಳು ಹಿಲ್ಯಾ. "ಹತ್ತೊಂಬತ್ತು ದಿನ ಇದ್ದ. ಕಡೇ ನಾಲ್ಕು ದಿನ ದಿಂಬು ಕಚ್ಕೊಂಡಿದ್ದ. ಬಾಗಿಲಲ್ಲಿ ಕಾರಿನ ಸದ್ದಾದ್ರೆ ಕಣ್ಣು ಬಿಡೋನು."

ಲೋರ್ನಾ ಬಟ್ಟಲನ್ನು ಕೆಳಗಿಟ್ಟಳು. ಹೇಳಬೇಕು, ಈಗಲೇ ಹೇಳಬೇಕು ಅನ್ನಿಸಿತು.

"ಸುಮ್ನಿರು" ಅಂದಳು ಹಿಲ್ಯಾ, ಅವಳ ಮುಖ ನೋಡಿ. "ನಿನ್ನ ಮೇಲೆ ಸಿಟ್ಟಿತ್ತು, ಇಲ್ಲ ಅನ್ನಲ್ಲ. ಚರ್ಚಲ್ಲಿ ಕೂತು ಯೋಚ್ನೆ ಮಾಡ್ದೆ. ಅವಳು ನೋಡಿದಾಳೆ, ಕೇಳಿದಾಳೆ, ಬರೋಕಾಗ್ದಿರೋ ಹಾಗೆ ಏನೋ ಆಗಿರುತ್ತೆ, ಅವಳಿಗೆ ಗೊತ್ತಿದ್ದದ್ದು ನಂಗೆ ಗೊತ್ತಿಲ್ಲ ಅಂತ. ಕ್ಷಮಿಸಿಬಿಟ್ಟೆ. ತಗೋ, ಈ ಬ್ರೆಡ್ಡು ರಾಯ್‌ಗೂ ತಗೊಂಡ್ ಹೋಗು."

ಲೋರ್ನಾ ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟೋ ಜನಕ್ಕೆ ನಿಮಗೆ ಕ್ಯಾನ್ಸರು ಅಂತ ಹೇಳಿದ ಬಾಯಿ, ಒಂದು ಸುಳ್ಳನ್ನು ಸುಳ್ಳೆಂದು ಹೇಳಲಾರದೆ ಬ್ರೆಡ್ಡಿನ ಪೊಟ್ಟಣ ಇಸಿದುಕೊಂಡು ಥ್ಯಾಂಕ್ಸ್ ಅಂದಿತು. ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಆ ಪೊಟ್ಟಣ ಇನ್ನೂ ಬೆಚ್ಚಗಿತ್ತು, ಏಲಕ್ಕಿ ವಾಸನೆ ಇಡೀ ಕಾರನ್ನು ತುಂಬಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಮನೆಗೆ ಹೋದಮೇಲೆ ರಾಯ್ ಎರಡು ತುಂಡು ತಿಂದ. ಅವಳು ಮುಟ್ಟಲಿಲ್ಲ.

ಭಾನುವಾರವೆಲ್ಲ ತನ್ನ ಜೊತೆ ತಾನೇ ವಾದ ಮಾಡಿದಳು. ಹೇಳಿದರೆ ಎಮೆಟ್ ಹೋಗುತ್ತಾನೆ. ಅವನು ಹೋದರೆ ತರಬೇತಿ ಹೋಗುತ್ತದೆ, ಊರಿಗೆ ಡಾಕ್ಟರಿಲ್ಲ. ಒಂದು ಹಾಳೆಗೋಸ್ಕರ ಊರನ್ನೇ ಬಲಿ ಕೊಡುತ್ತೀಯಾ? ಒಳ್ಳೆಯ ವಾದವೇ. ಮಾರ್ಚಿನ ಶನಿವಾರ ನಲವತ್ತಮೂರು ಹಾಳೆ ಬರೆಸಿದ್ದೂ ಇದೇ ವಾದ. ಹಾಗಾಗಿ ಅದರ ಮೇಲೆ ಅವಳಿಗೆ ಈಗ ನಂಬಿಕೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಎಮೆಟ್‌ನನ್ನು ಪರದೆಯ ಕೋಣೆಗೆ ಕರೆದಳು. ಅವನು ಸಹಿ ಹಾಕಲು ತಂದಿದ್ದ ಕಾಗದ ಕೈಯಲ್ಲಿತ್ತು.

"ಎಮೆಟ್, ಕೂತ್ಕೋ. ಜನವರಿ ಹದಿನಾಲ್ಕರಂದು ನಾನು ಈ ಕುರ್ಚೀಲಿ ಇರ್ಲಿಲ್ಲ. ನಿನ್ನನ್ನ ನೋಡ್ಲಿಲ್ಲ. ಆ ಹಾಳೆ ನಾನು ಮನೇಲಿ ಕೂತು ಬರ್ದದ್ದು. ಆ ಮಾತು ಬೇರೆ ಯಾರ ಬಗ್ಗೆಯೋ ಬರ್ದಿದ್ದು, ನಿನಗೆ ಅಂಟಿಸಿದೆ. ಬರೀ ನಿಂದಲ್ಲ. ನಲವತ್ತಮೂರು."

ಅವನು ಬೈದಿದ್ದರೆ ಚೆನ್ನಾಗಿತ್ತು. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡುತ್ತ ಕೂತ. ಒಂದು ನಿಮಿಷ, ಎರಡು ನಿಮಿಷ. ಆ ಮೌನದಲ್ಲಿ ಸಿಟ್ಟಿರಲಿಲ್ಲ, ಅವಸರವಿರಲಿಲ್ಲ. ಇನ್ನೂ ಏನೋ ಇದೆ, ಹೇಳಿ ಮುಗಿಸಿ ಅನ್ನುವ ಹಾಗೆ ಅದು ಬಾಗಿಲು ತೆರೆದುಕೊಂಡಿತ್ತು. ತಾನು ನೋಡದೆ ಬರೆದದ್ದು ಅಕ್ಷರಶಃ ನಿಜವೆಂದು ಲೋರ್ನಾಗೆ ಆಗ ಗೊತ್ತಾಯಿತು, ಅದರಿಂದ ಇನ್ನಷ್ಟು ಕುಗ್ಗಿದಳು. ಉಳಿದದ್ದನ್ನೂ ಹೇಳಿದಳು. ವೈನೋ, ಹನಿ, ದಿಂಬು, ಕಾರಿನ ಸದ್ದು.

"ನೀವು ಹೋಗ್ಲೇ ಇಲ್ವಾ?" ಅಂದ ಎಮೆಟ್.

"ಇಲ್ಲ."

"ನೀವು ಕೇಳಿಸ್ಕೊಂಡಿದೀರ ಅಂತ ನಾನು ಮತ್ತೆ ಹೇಳ್ಲೇ ಇಲ್ಲ. ಬಾಯಿ ಬಿಟ್ಟು ಒಂದ್ ಮಾತು ಹೇಳಿದ್ರೆ ಆಗ್ತಿತ್ತು." ಅವನ ಮುಖ ಬಿಳುಚಿತು. "ಹಾಗಾದ್ರೆ ಅವತ್ತು ಆ ರೂಮಲ್ಲಿದ್ದ ಡಾಕ್ಟ್ರು ನಾನೊಬ್ಬನೇ."

"ತಪ್ಪು ನಂದು, ಎಮೆಟ್. ನಿಂದಲ್ಲ."

"ಯಾರ್ದು ಎಷ್ಟು ಅಂತ ಆಮೇಲೆ ನೋಡೋಣ" ಅಂದು ಎದ್ದ. ಜೇಬಿನಿಂದ ಹಳದಿ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಸಹಿ ಹಾಕದ ಕಾಗದವನ್ನು ಜೊತೆಗೆ ತೆಗೆದುಕೊಂಡು ಹೋದ.

ಆ ದಿನವೇ ಸಂಜೆ ಲೋರ್ನಾ ಮತ್ತೆ ಹಿಲ್ಯಾಳ ಬಾಗಿಲು ತಟ್ಟಿದಳು. ಈ ಸಲ ಒಳಗೆ ಹೋಗಿ ಕೂರಲಿಲ್ಲ, ಕಾಫಿ ಬೇಡವೆಂದಳು, ಕೋಟನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಹಿಲ್ಯಾ ಒಲೆ ಒರೆಸುವ ಬಟ್ಟೆ ಹಿಡಿದು ಕೇಳಿಸಿಕೊಂಡಳು.

"ಅಂದ್ರೆ ಅಲ್ಲಿ ಯಾರೂ ಇರ್ಲಿಲ್ಲ."

"ಇರ್ಲಿಲ್ಲ."

"ನಾನು ಗೋಡೆಗೆ ಕೈ ಬೀಸ್ದೆ."

ಲೋರ್ನಾ ತಲೆ ತಗ್ಗಿಸಿದಳು.

"ನೋಡು ಲೋರ್ನಾ" ಅಂದಳು ಹಿಲ್ಯಾ, ದನಿ ಏರಿಸದೆ. "ನೋಡಿಯೂ ಬರ್ಲಿಲ್ಲ ಅನ್ಕೊಂಡು ಕ್ಷಮಿಸಿದ್ದೆ. ಅದಕ್ಕೇ ನಂಗೆ ಎರಡು ತಿಂಗಳು ಹಿಡೀತು. ಈಗ ಇದಕ್ಕೆ ಮೊದಲಿಂದ ಶುರು ಮಾಡ್ಬೇಕು. ನಂಗೆ ಎಂಬತ್ತೊಂದು. ಅಷ್ಟು ಟೈಮಿದೆಯೋ ಇಲ್ವೋ ಗೊತ್ತಿಲ್ಲ."

ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ, ಚಳಿಗೆ ಹಾಕುವ ಹಾಗೆ.

ಮುಂದಿನ ವಾರ ಇನ್‌ಸ್ಪೆಕ್ಟರುಗಳು ಇಬ್ಬರು ಬಂದರು. ಲೋರ್ನಾ ನಲವತ್ತಮೂರು ಹಾಳೆಯನ್ನು ದಾರ ಕಟ್ಟಿ ಬೇರೆಯಾಗಿ ಮೇಜಿನ ಮೇಲಿಟ್ಟು, "ಇವು ಸುಳ್ಳು, ಉಳಿದವು ನಿಜ" ಅಂದಳು. ಅವರಲ್ಲಿ ಹಿರಿಯಳು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣುಜ್ಜಿದಳು.

"ಎಷ್ಟೋ ಊರಿಗೆ ಹೋಗ್ತೀನಿ ನಾನು. ಅನುಮಾನ ಎಲ್ಲಾ ಕಡೆ ಬರುತ್ತೆ. ಹೀಗೆ ಕಟ್ಟು ಕಟ್ಟಿ ಕೈಗೆ ಕೊಟ್ಟೋರು ಮಾತ್ರ ಯಾರೂ ಇಲ್ಲ."

ಹೊಗಳಿಕೆಯೇನಲ್ಲ ಅದು, ಸುಸ್ತು. ತರಬೇತಿಗೆ ಒಂದು ವರ್ಷದ ಗಡುವು ಕೊಟ್ಟರು: ಅಷ್ಟರಲ್ಲಿ ಇನ್ನೊಬ್ಬ ಮೇಷ್ಟ್ರು ಬರಬೇಕು, ಹಾಳೆಗಳು ನಿಜವಿರಬೇಕು, ಇಲ್ಲದಿದ್ದರೆ ಬೀಗ. ಲೋರ್ನಾಳನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ಹೋಲ್ಮ್‌ನನ್ನು ಕೂರಿಸಿದರು. ಅವನು ಕಿವಿಗೆ ಯಂತ್ರ ಹಾಕಿಕೊಂಡು ಬಂದ, ಪಾಪ. ಆದರೆ ಲೋರ್ನಾಳನ್ನು ಕಲಿಸುವ ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಇನ್ಯಾರಿದ್ದಾರೆ? ಸುಳ್ಳು ಬರೆದವಳೆಂದು ಗೊತ್ತಾದಮೇಲೂ ಮನೆಗೆ ಕಳಿಸಲಾಗದಷ್ಟು ಜನದ ಬಡತನ ಅಲ್ಲಿತ್ತು. ಇದಕ್ಕಿಂತ ಕಳಿಸಿದ್ದರೇ ವಾಸಿಯಾಗಿತ್ತು ಅಂತ ಅವಳಿಗೆ ದಿನಾ ಬೆಳಿಗ್ಗೆ ಕಾರು ನಿಲ್ಲಿಸುವಾಗ ಅನ್ನಿಸುತ್ತಿತ್ತು. ಬೆವ್ ಈಗಲೂ ನಮಸ್ಕಾರ ಹೇಳುತ್ತಿದ್ದಳು, ಭುಜ ಮಾತ್ರ ಮುಟ್ಟುತ್ತಿರಲಿಲ್ಲ.

ಎಮೆಟ್ ಮೂರು ವಾರ ಏನೂ ಹೇಳಲಿಲ್ಲ. ಲೋರ್ನಾ ಕೇಳಲೂ ಇಲ್ಲ. ಮೂರು ಸಲ ಕೇಳಿ ಆಗಿತ್ತು, ನಾಲ್ಕನೆಯದಕ್ಕೆ ಅವಳಲ್ಲಿ ಮುಖವಿರಲಿಲ್ಲ. ಮೇ ತಿಂಗಳ ಮೊದಲ ದಿನ ಅವನು ಸಹಿ ಹಾಕಿದ ಕಾಗದವನ್ನು ಹೋಲ್ಮ್‌ನ ಮೇಜಿನ ಮೇಲಿಟ್ಟ. ಕೆಳಗೆ ಪೆನ್ನಿನಲ್ಲಿ ಒಂದು ಷರತ್ತು ಬರೆದಿದ್ದ: 'ಕುರ್ಚಿಯಲ್ಲಿ ಯಾರೂ ಇಲ್ಲದಾಗ ದೀಪ ಹತ್ತಬಾರದು.' ಗುಂಡಿಯನ್ನು ಕೋಣೆಗಳಿಂದ ಕಿತ್ತು ಪರದೆಯ ಪಕ್ಕಕ್ಕೆ ತಂದರು.

ಅದೇ ತಿಂಗಳ ಕೊನೆಗೆ ಹಿಲ್ಯಾಳಿಗೆ ಬೀಪಿ ತೋರಿಸುವ ದಿನ ಬಂತು. ಎಮೆಟ್‌ನ ಕೋಣೆಗೇ ಬಂದಳು. ನೋಡುವ ಸರದಿ ಅವತ್ತು ಲೋರ್ನಾಳದು. ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದಳು. ಪರದೆಯ ಮೇಲೆ ಹಿಲ್ಯಾ ಕೋಟು ಬಿಚ್ಚಿ, ಮಡಿಸಿ ತೊಡೆಯ ಮೇಲಿಟ್ಟುಕೊಳ್ಳುವುದು ಕಂಡಿತು. ಎಮೆಟ್ ಬೀಪಿ ನೋಡಿದ, ಕೂತ, ಸುಮ್ಮನಾದ. ಹಿಲ್ಯಾ ಏನೋ ಹೇಳಲು ಹೊರಟು ನಿಲ್ಲಿಸಿದಳು. ತಲೆಯೆತ್ತಿ ದೀಪದ ಕಡೆ ನೋಡಿದಳು. ಕೈ ಬೀಸಲಿಲ್ಲ.

"ಅವಳು ಇದಾಳಾ ಅಲ್ಲಿ?"

"ಇದಾರೆ, ಮಿಸೆಸ್ ಮಾಕಿ."

"ಹೋಗಿ ನೋಡ್ಕೊಂಡ್ ಬಾ."

ಎಮೆಟ್ ಎದ್ದ. ಕಾರಿಡಾರಿನಲ್ಲಿ ಅವನ ಹೆಜ್ಜೆ ಹತ್ತಿರವಾಗುವುದು ಲೋರ್ನಾಗೆ ಕೇಳಿಸಿತು. ಬಾಗಿಲು ತೆರೆಯಿತು. ಅವಳು ತಿರುಗಿ ಅವನ ಮುಖ ನೋಡಲಾರದೆ, ಹೋಮ್‌ವರ್ಕ್ ತೋರಿಸುವ ಹುಡುಗಿಯ ಹಾಗೆ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಒಂದು ಗಳಿಗೆ ನಿಂತು ನೋಡಿದ, ಬಾಗಿಲೆಳೆದುಕೊಂಡು ವಾಪಸು ಹೋದ.

"ಕೂತಿದಾರೆ" ಅಂದದ್ದು ಪರದೆಯಿಂದ ಕೇಳಿಸಿತು.

ಹಿಲ್ಯಾ ದೀಪದಿಂದ ಕಣ್ಣು ತೆಗೆದು ಎಮೆಟ್ ಕಡೆ ತಿರುಗಿ ಕೂತಳು. "ಸರಿ ಹಾಗಾದ್ರೆ" ಅಂದು, ಎದೆಯಲ್ಲಿ ಯಾವಾಗಿನಿಂದ ನೋವು ಬರುತ್ತಿದೆ ಅಂತ ಹೇಳತೊಡಗಿದಳು.